‘ನ್ಯೂನಮರ್ದ ಪಾತ್ತಿ’ ಎಂದರೇನು?
ಎರಡನೆಯ ಮದ್ದಿಗೆ ಮುನ್ನ ಹವಾಮಾನ ಮುನ್ಸೂಚನೆ ಓದುವ ಪಾಠ

ಪುನರ್ವಸು ಮಳೆ ಹಿಡಿಯಿತೆಂದರೆ ನಮ್ಮ ಕಾಸರಗೋಡು ಸೀಮೆಯ ತೋಟದವರ ಮನೆಗಳಲ್ಲಿ ಒಂದೇ ಮಾತು: “ನಾಳೆ ಹೊಳವು ಆದೀತೇ?” ಅಡಿಕೆಗೆ ಮೊದಲ ಮದ್ದು ಮಳೆಗಾಲ ಕಾಲಿಡುವ ಮುನ್ನ ಬಿದ್ದಿರುತ್ತದೆ. ಅಲ್ಲಿಂದ ನಾಲ್ವತ್ತು ನಾಲ್ವತ್ತೈದು ದಿನಕ್ಕೆ ಎರಡನೆಯದು ಬೀಳಬೇಕು. ಆ ದಿನಗಳೋ ಆಟಿಯ ಹೊಸ್ತಿಲು. ಮಲಯಾಳಿ ನೆರೆಯವರು ಕರ್ಕಟಕವೆಂದು ಅಂಜುವ ತಿಂಗಳೂ ಅದೇ. ಮೈಲುತುತ್ತು ತಂದಾಗಿದೆ, ಸುಣ್ಣ ಸಿದ್ಧವಿದೆ, ಮರ ಏರುವವರು ಬರುತ್ತೇವೆಂದಿದ್ದಾರೆ. ಬಾರದೆ ಉಳಿದಿರುವುದು ಬಿಸಿಲು ಮಾತ್ರ.

ಬೆಳಗ್ಗೆ ಬಿಸಿಲು ಕಂಡಿತೆಂದು ಪೀಪಾಯಿ ತುಂಬ ದ್ರಾವಣ ಕಲಸಿ, ಹತ್ತು ಗಂಟೆಗೆ ಮರ ಹತ್ತಿಸಿ, ಹನ್ನೊಂದಕ್ಕೆ ಸುರಿದ ಮಳೆಯಲ್ಲಿ ಮದ್ದೆಲ್ಲ ಕಣಿ ಪಾಲಾದುದನ್ನು ಕಾಣದ ಕೃಷಿಕರು ನಮ್ಮಲ್ಲಿ ವಿರಳ. ನಾವೂ ಆ ಪಾಠವನ್ನು ಹಣ ಕೊಟ್ಟೇ ಕಲಿತವರು. ಹೋದದ್ದು ಮದ್ದು ಮತ್ತು ಕೂಲಿ ಮಾತ್ರವಲ್ಲ. ಹಸಿಯಾದ ಅಡಿಕೆ ಮರ ಪಾಚಿಗಟ್ಟಿ ಜಾರುತ್ತದೆ. ಅದರ ತುದಿಯಲ್ಲಿರುವುದು ಒಬ್ಬರ ಪ್ರಾಣ. ಆದುದರಿಂದ ಈ ವಾರ ಹವಾಮಾನ ಮುನ್ಸೂಚನೆಯನ್ನು ಓದುವ ಕ್ರಮವನ್ನೂ, ಅದರಲ್ಲಿ ಮಳೆಗಾಲವಿಡೀ ಬರುವ ಒಂದು ಶಬ್ದದ ಅರ್ಥವನ್ನೂ ತಿಳಿಯೋಣ.

ಯಾರ ಮುನ್ಸೂಚನೆ ನಮ್ಮದು?

ಮೊದಲು ಗಡಿಯ ಮಾತು. 1956ನೆಯ ನವೆಂಬರ್ 1ರಂದು ರಾಜ್ಯಗಳ ಪುನರ್ವಿಂಗಡಣೆಯಾದಾಗ ಅಂದಿನ ದಕ್ಷಿಣ ಕನ್ನಡ ಜಿಲ್ಲೆಯಿಂದ ಕಾಸರಗೋಡು ತಾಲೂಕು ಕೇರಳಕ್ಕೆ ಸೇರಿತು. ಅಂದಿನಿಂದ ನಮ್ಮ ಹವೆಯ ಲೆಕ್ಕವೂ ಎರಡು ಮನೆಯದಾಯಿತು. ಮಂಗಳೂರಿನ ಕನ್ನಡ ಬಾನುಲಿಯಲ್ಲಿ, ಕನ್ನಡ ಪತ್ರಿಕೆಗಳಲ್ಲಿ ‘ಕರಾವಳಿ’ ಎಂದು ಬರುವ ಮುನ್ಸೂಚನೆ ಕರ್ನಾಟಕದ ಕರಾವಳಿ ಜಿಲ್ಲೆಗಳಿಗೆ ಹೇಳಿದ್ದು. ಅದು ತಲಪಾಡಿಯಲ್ಲಿ ಮುಗಿಯುತ್ತದೆ. ಕಾಸರಗೋಡು ಜಿಲ್ಲೆಯ ಮುನ್ಸೂಚನೆಯನ್ನು ಕೊಡುವುದು ಭಾರತ ಹವಾಮಾನ ಇಲಾಖೆಯ ತಿರುವನಂತಪುರ ಕೇಂದ್ರ. ಅದು ನಮ್ಮ ಕೈಗೆ ಬರುವುದು ಬಹುತೇಕ ಮಲಯಾಳದಲ್ಲಿ, ಇಲ್ಲವೆ ಇಂಗ್ಲಿಷಿನಲ್ಲಿ.

ಹೀಗಾಗಿ ಹಲವರು ತಿಳಿಯುವ ಭಾಷೆಯದನ್ನು ಕೇಳುತ್ತಾರೆ, ತಮ್ಮ ಊರಿನದನ್ನು ಬಿಡುತ್ತಾರೆ. ಇದು ಸರಿಯಲ್ಲ. ಹಾಗೆಂದು ಮಂಗಳೂರಿನ ಮಾತು ನಮಗೆ ಬೇಡವೆಂದೂ ಅಲ್ಲ. ಮೋಡಕ್ಕೆ ತಲಪಾಡಿಯ ಗೇಟು ಇಲ್ಲ. ದಕ್ಷಿಣ ಕನ್ನಡ, ಕಾಸರಗೋಡು, ಕಣ್ಣೂರು ಈ ಮೂರು ಜಿಲ್ಲೆಗಳ ಮುನ್ಸೂಚನೆಯನ್ನು ಒಟ್ಟಿಗೆ ಇಟ್ಟು ಓದುವುದು ಉತ್ತಮ. ಮೂರರಲ್ಲೂ ಒಂದೇ ಮಾತಿದ್ದರೆ ಅದನ್ನು ಗಟ್ಟಿಯಾಗಿ ನಂಬಬಹುದು. ಒಂದೊಂದು ಒಂದೊಂದು ಬಗೆಯಲ್ಲಿದ್ದರೆ ನಾವು ಅಂಚಿನಲ್ಲಿದ್ದೇವೆಂದು ತಿಳಿದು, ಸ್ವಲ್ಪ ತಾಳಬೇಕು.

ಮಲಯಾಳದ ಪ್ರಕಟಣೆಯಲ್ಲಿ ಬರುವ ಕೆಲವು ಶಬ್ದಗಳನ್ನು ಕಲಿತರೆ ಸಾಕು, ಕೆಲಸ ನಡೆಯುತ್ತದೆ. ‘ಒಟ್ಟಪ್ಪೆಟ್ಟ’ ಎಂದರೆ ಒಂದೆರಡು ಕಡೆ, ಬಿಡಿಬಿಡಿಯಾಗಿ. ‘ಶಕ್ತಮಾಯ ಮಳ’ ಎಂದರೆ ಭಾರೀ ಮಳೆ. ‘ಅತಿಶಕ್ತ’ ಎಂದರೆ ಅತಿ ಭಾರೀ. ‘ಅತಿತೀವ್ರ’ ಎಂದರೆ ಅದಕ್ಕೂ ಮೇಲಿನದು. ‘ಮಞ್ಞ’ ಎಂದರೆ ಹಳದಿ, ‘ಚುವಪ್ಪು’ ಎಂದರೆ ಕೆಂಪು. ಇನ್ನು ‘ನ್ಯೂನಮರ್ದ ಪಾತ್ತಿ’. ಇದೇ ಇಂದಿನ ನಮ್ಮ ಪಾಠ.

ಪಾತ್ತಿ ಎಂಬ ಶಬ್ದ

ನ್ಯೂನ ಎಂದರೆ ಕಡಿಮೆ, ಮರ್ದ ಎಂದರೆ ಒತ್ತಡ. ಪಾತ್ತಿ ಎಂದರೆ ಮಲಯಾಳದಲ್ಲಿ ನೀರು ಹರಿದುಹೋಗುವ ದೋಣಿಯಂಥ ತಗ್ಗು. ಕನ್ನಡದಲ್ಲಿ ಗಿಡದ ಬುಡಕ್ಕೆ ಮಾಡುವ ಪಾತಿಯನ್ನು ನೆನೆದರೆ ಅರ್ಥ ಹತ್ತಿರ ಬರುತ್ತದೆ. ಕನ್ನಡದ ವರದಿಗಳಲ್ಲಿ ಇದನ್ನೇ ‘ಕಡಿಮೆ ಒತ್ತಡದ ಪಟ್ಟಿ’ ಎನ್ನುತ್ತಾರೆ. ಅದು ಸಮುದ್ರತೀರಕ್ಕೆ ಉದ್ದಕ್ಕೂ ಬಿದ್ದಾಗ ಕಡಲತೀರದ ಪಟ್ಟಿ ಎನ್ನೋಣ.

ಒತ್ತಡವೆಂದರೇನು? ಗಾಳಿಗೂ ಭಾರವುಂಟು. ಸಮುದ್ರಮಟ್ಟದಲ್ಲಿ ಒಂದು ಚದರ ಸೆಂಟಿಮೀಟರು ಜಾಗದ ಮೇಲೆ ಅದು ಹೇರುವ ಭಾರ ಸುಮಾರು ಒಂದು ಕಿಲೋಗ್ರಾಮು. ಹವಾಮಾನದವರು ಇದನ್ನು ಹೆಕ್ಟೊಪಾಸ್ಕಲ್ ಎಂಬ ಮಾನದಲ್ಲಿ ಅಳೆಯುತ್ತಾರೆ. ಹಿಂದೆ ಮಿಲಿಬಾರ್ ಎನ್ನುತ್ತಿದ್ದುದೂ ಇದೇ ಅಳತೆ. ಸಮುದ್ರಮಟ್ಟದ ಸರಾಸರಿ ಒತ್ತಡ ಸುಮಾರು 1,013 ಹೆಕ್ಟೊಪಾಸ್ಕಲ್. ಇದು ಎಲ್ಲ ಕಡೆಯೂ, ಎಲ್ಲ ದಿನವೂ ಒಂದೇ ಅಲ್ಲ. ಒಂದು ಕಡೆ ತುಸು ಹೆಚ್ಚು, ಇನ್ನೊಂದು ಕಡೆ ತುಸು ಕಡಿಮೆ.

ನಮ್ಮ ತೋಟದ ನೆಲವನ್ನು ನೋಡಿ. ಮೇಲಿನ ಬರೆಯಿಂದ ಕೆಳಗಿನ ತೋಡಿಗೆ ನೆಲ ಇಳಿಜಾರು. ಸಾಲು ಸಾಲಿನ ನಡುವೆ ಕಣಿ ತೆಗೆದಿರುತ್ತೇವೆ. ಬಿದ್ದ ನೀರೆಲ್ಲ ಕಣಿಯನ್ನು ಹುಡುಕಿಕೊಂಡು ಬರುತ್ತದೆ. ಗಾಳಿಯ ನಡೆಯೂ ಬಹುಮಟ್ಟಿಗೆ ಹೀಗೆಯೇ. ಒತ್ತಡ ಕಡಿಮೆಯಿರುವ ಕಡೆಗೆ ಸುತ್ತಲಿನ ಗಾಳಿ ಬಂದು ಸೇರುತ್ತದೆ. ಕಡಿಮೆ ಒತ್ತಡದ ಜಾಗ ಬಾವಿಯಂತೆ ದುಂಡಗೆ ಮುಚ್ಚಿಕೊಂಡಿದ್ದರೆ ಅದನ್ನು ಕಡಿಮೆ ಒತ್ತಡದ ಪ್ರದೇಶವೆನ್ನುತ್ತಾರೆ. ಕಣಿಯಂತೆ ಉದ್ದಕ್ಕೆ ಚಾಚಿಕೊಂಡಿದ್ದರೆ ಅದು ಪಟ್ಟಿ, ಅದೇ ಪಾತ್ತಿ.

ಆದರೆ ಒಂದು ವ್ಯತ್ಯಾಸವುಂಟು. ಕಣಿಗೆ ಬಂದ ನೀರು ತೋಡಿಗೆ ಹರಿದುಹೋಗುತ್ತದೆ. ಪಾತ್ತಿಗೆ ಬಂದ ಗಾಳಿಗೆ ಕೆಳಗೆ ಹೋಗಲು ದಾರಿಯಿಲ್ಲ. ಅದು ಮೇಲಕ್ಕೆ ಏರಲೇಬೇಕು. ಏರಿದ ಗಾಳಿ ತಂಪಾಗುತ್ತದೆ. ತಂಪಾದ ಗಾಳಿ ತನ್ನಲ್ಲಿದ್ದ ನೀರಾವಿಯನ್ನು ಹಿಡಿದಿಟ್ಟುಕೊಳ್ಳಲಾರದು. ಆವಿ ಹನಿಯಾಗುತ್ತದೆ, ಹನಿ ಮೋಡವಾಗುತ್ತದೆ, ಮೋಡ ಮಳೆಯಾಗುತ್ತದೆ. ಅರಬ್ಬೀ ಸಮುದ್ರದ ಮೇಲಿನಿಂದ ಬರುವ ಗಾಳಿಯಲ್ಲಿ ಆವಿಗೆ ಬರವಿಲ್ಲ.

ತೀರದಲ್ಲೇ ಏಕೆ ಪಾತ್ತಿ?

ಜೂನಿನಿಂದ ಸೆಪ್ಟೆಂಬರಿನವರೆಗೆ ಗಾಳಿ ಪಡುವಣ ಕಡಲಿನಿಂದ ಬಂದು ಸಹ್ಯಾದ್ರಿಗೆ ಹೊಡೆಯುತ್ತದೆ. ಗಾಳಿಗೆ ಬಲವಿದ್ದರೆ ಬೆಟ್ಟವೇರಿ ಘಟ್ಟದಾಚೆಗೆ ದಾಟುತ್ತದೆ. ಬಲ ಸಾಲದಿದ್ದರೆ ಬೆಟ್ಟದ ಬುಡದಲ್ಲಿ ತಡೆದು, ಪಕ್ಕಕ್ಕೆ ತಿರುಗಿ, ಸುತ್ತಿ ಬರಲು ನೋಡುತ್ತದೆ. ಈ ತಡೆತಿರುವುಗಳಿಂದ ತೀರದ ಎದುರಿನ ಕಡಲ ಮೇಲೆ ಒತ್ತಡ ತುಸು ತಗ್ಗಿ ಪಾತ್ತಿ ಏರ್ಪಡುತ್ತದೆ. ತಗ್ಗು ಬಹಳವೇನೂ ಅಲ್ಲ, ಒಂದೆರಡು ಹೆಕ್ಟೊಪಾಸ್ಕಲ್ ಇದ್ದರೆ ಹೆಚ್ಚು. ಸಾವಿರಕ್ಕೆ ಒಂದೆರಡರಷ್ಟಿನ ಈ ಏರುಪೇರು ನಮ್ಮ ಮೈಗೆ ತಿಳಿಯದು. ನಮ್ಮ ತೋಟಕ್ಕೆ ತಿಳಿಯುತ್ತದೆ.

ಈ ಪಾತ್ತಿಯೊಳಗೆ ಕೆಲವೊಮ್ಮೆ ಚಿಕ್ಕ ಚಿಕ್ಕ ಸುಳಿಗಳು ಹುಟ್ಟುತ್ತವೆ. ನೂರು ಕಿಲೋಮೀಟರಿನ ಆಸುಪಾಸು ಅಗಲದವು. ಹವಾಮಾನ ವಿಜ್ಞಾನಿ ಪಿ. ಎ. ಜಾರ್ಜ್ ಅವರು 1956ರಲ್ಲಿ ಪಶ್ಚಿಮ ಕರಾವಳಿಯ ಮಳೆಗೂ ಈ ಕಡಲ ಸುಳಿಗಳಿಗೂ ಇರುವ ಸಂಬಂಧವನ್ನು ಬರೆದು ತೋರಿಸಿದರು. ನಾವು ಕೇರಳಕ್ಕೆ ಸೇರಿದ ವರ್ಷವೇ ಅದು! ಸುಳಿ ಎಲ್ಲಿ ತೀರಕ್ಕೆ ತಗಲುತ್ತದೋ ಅಲ್ಲಿ ಆಕಾಶ ಹರಿದಂತೆ ಮಳೆ. ಕುಂಬಳೆಯಲ್ಲಿ ಹೊಳೆ ಉಕ್ಕುವಾಗ ನೀಲೇಶ್ವರದಲ್ಲಿ ಬಿಸಿಲು ಇರಬಹುದು. ಇವು ಹೆಚ್ಚು ಕಾಲ ಬಾಳುವವಲ್ಲ. ಚಿಕ್ಕವಾದುದರಿಂದ ಯಾವ ಊರಿಗೆ ಯಾವ ಗಂಟೆಗೆ ಎಂದು ಎರಡು ದಿನ ಮುಂಚೆ ಹೇಳುವುದು ಕಷ್ಟ. ಹವಾಮಾನದವರ ಮಾತು ತಪ್ಪಿತೆಂದು ನಾವು ನಗುವ ದಿನಗಳಲ್ಲಿ ಬಹಳಷ್ಟು ಈ ಸುಳಿಗಳ ಕೆಲಸವೇ.

ಪಾತ್ತಿಯ ತೆಂಕಣ ತುದಿ

ಈಗ ಪಾಠದ ತಿರುಳು. ಮಳೆಗಾಲದ ವರದಿಯಲ್ಲಿ ಪಾತ್ತಿ ಇಂಥ ತೀರದಿಂದ ಇಂಥ ತೀರದವರೆಗೆ ಎಂದು ಹೇಳಿರುತ್ತಾರೆ. ಬಡಗಣ ತುದಿ ಗುಜರಾತಿನಲ್ಲಿರಲಿ, ಮಹಾರಾಷ್ಟ್ರದಲ್ಲಿರಲಿ, ನಮಗೆ ಮುಖ್ಯವಾದುದು ತೆಂಕಣ ತುದಿ.

‘ದಕ್ಷಿಣ ಗುಜರಾತಿನಿಂದ ಕೇರಳ ತೀರದವರೆಗೆ’ ಅಥವಾ ‘ಉತ್ತರ ಕೇರಳ ತೀರದವರೆಗೆ’ ಎಂದಿದ್ದರೆ ಪಾತ್ತಿ ನಮ್ಮ ಎದುರಿಗೇ ಇದೆ. ಮಳೆ ಬಿಟ್ಟಂತೆ ಕಂಡರೂ ಅದು ಎರಡು ಸುರಿತದ ನಡುವಿನ ಉಸಿರು ಮಾತ್ರ. ಮದ್ದು ಕಲಸಬಾರದು.

‘ಕರ್ನಾಟಕ ತೀರದವರೆಗೆ’ ಎಂದಿದ್ದರೆ ನಾವು ಅಂಚಿನಲ್ಲಿದ್ದೇವೆ. ಮಂಜೇಶ್ವರ, ಬದಿಯಡ್ಕದ ಕಡೆಯವರು ಹೊಸದುರ್ಗದವರಿಗಿಂತ ಹೆಚ್ಚು ಎಚ್ಚರದಲ್ಲಿರಬೇಕು.

ಪಾತ್ತಿ ಮೇಲಕ್ಕೆ ಸರಿದು ಮಹಾರಾಷ್ಟ್ರದ ಆಸುಪಾಸಿಗೆ ಸೀಮಿತವಾಗಿದ್ದರೆ, ಅಥವಾ ಅದರ ಹೆಸರೇ ವರದಿಯಲ್ಲಿ ಇಲ್ಲವಾದರೆ, ಹೊಳವು ಬರುವ ಲಕ್ಷಣ. ಆಗಲೂ ಬಂಗಾಳ ಕೊಲ್ಲಿಯ ಸುದ್ದಿಯನ್ನು ನೋಡದೆ ಬಿಡಬಾರದು. ಅಲ್ಲಿ ಹೊಸದಾಗಿ ಕಡಿಮೆ ಒತ್ತಡದ ಪ್ರದೇಶ ಹುಟ್ಟುವುದರಲ್ಲಿದ್ದರೆ ಪಡುವಣ ಗಾಳಿಗೆ ಮತ್ತೆ ಬಲ ಬಂದು ನಮ್ಮ ಕರಾವಳಿಯಲ್ಲಿ ಮಳೆ ಚುರುಕಾಗುವುದುಂಟು. ಒಡಿಶಾದ ಕಡೆಯ ಸುದ್ದಿ ನಮಗೇಕೆಂದು ಪುಟ ಮಗುಚಬೇಡಿ.

‘ಕೆಲವು ಕಡೆ’ ಎಂದರೆ ಎಷ್ಟು ಕಡೆ?

ಮುನ್ಸೂಚನೆಯ ಶಬ್ದಗಳು ಬಾಯಿಮಾತಿನವಲ್ಲ, ಅಳತೆಯವು. ಒಂದು ಸೀಮೆಯ ಮಳೆಮಾಪನ ಕೇಂದ್ರಗಳಲ್ಲಿ ನೂರಕ್ಕೆ 25ರವರೆಗೆ ಮಳೆಯಾಗುವುದಿದ್ದರೆ ‘ಒಂದೆರಡು ಕಡೆ’, 26ರಿಂದ 50ರವರೆಗೆ ‘ಕೆಲವು ಕಡೆ’, 51ರಿಂದ 75ರವರೆಗೆ ‘ಹಲವು ಕಡೆ’, ಅದಕ್ಕೂ ಮೇಲೆ ‘ಬಹುತೇಕ ಎಲ್ಲ ಕಡೆ’. ‘ಕೆಲವು ಕಡೆ ಮಳೆ’ ಎಂದ ದಿನ ಅರ್ಧಕ್ಕೆ ಕಡಿಮೆಯಾಗದಷ್ಟು ಊರುಗಳು ಒಣಗಿರುತ್ತವೆ ಎಂದಾಯಿತು. ನಿಮ್ಮ ಊರು ಒಣಗಿತ್ತೆಂದ ಮಾತ್ರಕ್ಕೆ ಮುನ್ಸೂಚನೆ ಸುಳ್ಳಲ್ಲ.

ಮಳೆಯ ಪ್ರಮಾಣಕ್ಕೂ ಹೀಗೆಯೇ ಲೆಕ್ಕವುಂಟು. ಒಂದು ದಿನದಲ್ಲಿ 2.5ರಿಂದ 15.5 ಮಿಲಿಮೀಟರು ಬಿದ್ದರೆ ಹಗುರ ಮಳೆ, ಅದಕ್ಕೂ ಕಡಿಮೆ ಬಿದ್ದರೆ ಅತಿ ಹಗುರ. 15.6ರಿಂದ 64.4ರವರೆಗೆ ಸಾಧಾರಣ. 64.5ರಿಂದ 115.5ರವರೆಗೆ ಭಾರೀ. 115.6ರಿಂದ 204.4ರವರೆಗೆ ಅತಿ ಭಾರೀ. ಅದರಾಚೆಯದು ಅತ್ಯಂತ ಭಾರೀ. ದಿನವೆಂದರೆ ಇಲ್ಲಿ ಬೆಳಗ್ಗೆ 8.30ರಿಂದ ಮರುದಿನ ಬೆಳಗ್ಗೆ 8.30ರವರೆಗೆ.

ಒಂದು ಮಿಲಿಮೀಟರು ಮಳೆಯೆಂದರೆ ಒಂದು ಚದರ ಮೀಟರು ನೆಲಕ್ಕೆ ಒಂದು ಲೀಟರು ನೀರು. ಒಂದು ಎಕರೆ ಸುಮಾರು 4,047 ಚದರ ಮೀಟರು. ಆದುದರಿಂದ 60 ಮಿಲಿಮೀಟರು ಮಳೆ ಬಂದ ದಿನ ಎಕರೆಯೊಂದಕ್ಕೆ ಸುಮಾರು 2,43,000 ಲೀಟರು ನೀರು ಬಿತ್ತು. ಇದು ಇನ್ನೂ ‘ಸಾಧಾರಣ’ ಮಳೆಯೇ ಎಂಬುದನ್ನು ನೆನಪಿಡಬೇಕು.

ಹಸಿರೆಂದರೆ ಬಿಸಿಲಲ್ಲ

ಇಲ್ಲಿ ಬಹಳ ಮಂದಿ ಎಡವುತ್ತಾರೆ. ಕೇರಳದಲ್ಲಿ ಜಿಲ್ಲೆಗೆ ಭಾರೀ ಮಳೆಯ ಸಂಭವವಿದ್ದರೆ ಹಳದಿ, ಅತಿ ಭಾರೀ ಮಳೆಯ ಸಂಭವಕ್ಕೆ ಕಿತ್ತಳೆ, ಅದರಾಚೆಯದಕ್ಕೆ ಕೆಂಪು ಬಣ್ಣ ಹಾಕುತ್ತಾರೆ. ಈ ಬಣ್ಣಗಳು ಹೊಳೆ ಉಕ್ಕುವುದು, ಗುಡ್ಡ ಜರಿಯುವುದು ಮುಂತಾದ ಅಪಾಯಕ್ಕಾಗಿ ಇಟ್ಟವು. ಅಡಿಕೆಯ ಮದ್ದಿಗಾಗಿ ಇಟ್ಟವಲ್ಲ. ಬಣ್ಣ ಹಸಿರಿದೆಯೆಂದರೆ ಎಚ್ಚರಿಕೆ ಇಲ್ಲವೆಂದಷ್ಟೇ ಅರ್ಥ. ಹಸಿರು ಬಣ್ಣದ ದಿನವೂ ಮೇಲೆ ಹೇಳಿದ 60 ಮಿಲಿಮೀಟರು ಸುರಿಯಬಹುದು! ಆಗತಾನೇ ಗೊನೆಗೆ ತಗಲಿದ, ಒಣಗದ ಮದ್ದನ್ನು ತೊಳೆಯಲು ಅಷ್ಟು ಮಳೆಯೂ ಬೇಡ. ಒಂದು ಹಗುರ ಮಳೆ ಸಾಕು.

ಆದುದರಿಂದ ಪ್ರಾಣ, ಮನೆ, ದನಕರುಗಳ ರಕ್ಷಣೆಗೆ ಬಣ್ಣವನ್ನು ನೋಡಿ. ಮದ್ದಿಗೆ ‘ಎಷ್ಟು ಕಡೆ’ ಎಂಬ ಶಬ್ದವನ್ನೂ ಪಾತ್ತಿಯ ತುದಿಯನ್ನೂ ನೋಡಿ.

ಮಾದರಿಯೊಂದನ್ನು ಓದೋಣ

ಪಾಠಕ್ಕಾಗಿ ನಾವೇ ಬರೆದ ಮುನ್ಸೂಚನೆ ಇದು. ಇದು ಯಾವ ದಿನದ್ದೂ ಅಲ್ಲ:

“ದಕ್ಷಿಣ ಗುಜರಾತ್ ತೀರದಿಂದ ಉತ್ತರ ಕೇರಳ ತೀರದವರೆಗೆ ಸಮುದ್ರಮಟ್ಟದಲ್ಲಿ ಕಡಿಮೆ ಒತ್ತಡದ ಪಟ್ಟಿ ಇದೆ. ಮೊದಲ ದಿನ ಬಹುತೇಕ ಎಲ್ಲ ಕಡೆ ಮಳೆ. ಕಣ್ಣೂರು, ಕಾಸರಗೋಡು ಜಿಲ್ಲೆಗಳ ಒಂದೆರಡು ಕಡೆ ಭಾರೀ ಮಳೆಯ ಸಂಭವ. ಎರಡನೆಯ ದಿನ ಹಲವು ಕಡೆ, ಮೂರನೆಯ ದಿನ ಒಂದೆರಡು ಕಡೆ ಹಗುರ ಮಳೆ.”

ಮೊದಲ ದಿನ ತೋಟದ ಕಣಿ ಬಿಡಿಸಿ, ಕೆಳಗೆ ಬಿದ್ದ ಕೊಳೆಕಾಯಿಗಳನ್ನು ಹೆಕ್ಕಿ ದೂರ ಹಾಕಬೇಕು. ಎರಡನೆಯ ದಿನ ಸಂಜೆ ಹೊಸ ವರದಿ ನೋಡಬೇಕು. ಪಾತ್ತಿಯ ತುದಿ ಮೇಲೆ ಸರಿದಿದ್ದರೆ ಮರ ಏರುವವರಿಗೆ ಹೇಳಿ ಕಳುಹಿಸಬೇಕು. ಸರಿಯದಿದ್ದರೆ ತಾಳಬೇಕು. ಮೂರು ದಿನಗಳವರೆಗಿನ ಈ ಮಾತಿಗೆ ಅಲ್ಪಾವಧಿ ಮುನ್ಸೂಚನೆಯೆನ್ನುತ್ತಾರೆ. ಇದರಲ್ಲಿ ಮೂರನೆಯ ದಿನದ ಮಾತಿಗಿಂತ ಮೊದಲ ದಿನದ ಮಾತು ಗಟ್ಟಿ. ಅದಕ್ಕಾಗಿಯೇ ದಿನದಿನವೂ ಹೊಸದನ್ನು ಓದಬೇಕು.

ಮೂರನೆಯ ದಿನ ಬೆಳಗ್ಗೆ, ದ್ರಾವಣ ಕಲಸುವ ಮುನ್ನ, ಇನ್ನೊಂದನ್ನು ನೋಡಬೇಕು. ಮುಂದಿನ ಮೂರು ಗಂಟೆಗಳಿಗೆ ಮಾತ್ರ ಹೇಳುವ ತತ್ಕಾಲ ಮುನ್ಸೂಚನೆಯೊಂದನ್ನು ಇಲಾಖೆಯವರು ಜಿಲ್ಲೆವಾರು ಕೊಡುತ್ತಾರೆ. ಇದು ರಾಡಾರಿನಲ್ಲಿಯೂ ಉಪಗ್ರಹದ ಚಿತ್ರದಲ್ಲಿಯೂ ಕಣ್ಣಿಗೆ ಕಂಡ ಮೋಡವನ್ನು ನೋಡಿ ಹೇಳುವ ಮಾತು. ಮನೆಯ ಮಕ್ಕಳ ಕೈಯ ಮೊಬೈಲಿನಲ್ಲಿ ಇದು ಸಿಗುತ್ತದೆ. ಗುಡುಗು ಸಿಡಿಲಿನ ಮಾತಿದ್ದರೆ ಅಂದು ಮರ ಹತ್ತಿಸಲೇಬಾರದು. ನೆಲದಲ್ಲಿ ನಿಂತು ಉದ್ದ ದೋಟಿಯಿಂದ ಸಿಂಪಡಿಸುವವರೂ ಕೈ ಕಟ್ಟಿ ಕೂರಬೇಕು.

ಏಕಿಷ್ಟು ಪಾಡು?

ಕೊಳೆರೋಗ ಹಬ್ಬುವುದು ಹವೆಯ ಬೆನ್ನೇರಿ. ಎಡೆಬಿಡದ ಮಳೆ, ನಡುನಡುವೆ ಬಿಸಿಲು, ನೂರಕ್ಕೆ ತೊಂಬತ್ತಕ್ಕೂ ಮಿಕ್ಕ ತೇವ, 20ರಿಂದ 23 ಡಿಗ್ರಿಯ ತಂಪು, ಇವು ಸೇರಿದರೆ ಶಿಲೀಂಧ್ರಕ್ಕೆ ಹಬ್ಬ. ಪಾತ್ತಿ ಕಟ್ಟಿ ಬಿಚ್ಚಿ ಮಾಡುವ ದಿನಗಳಲ್ಲಿ ಇರುವುದೂ ಈ ಹವೆಯೇ. ಮೈಸೂರು ಸರ್ಕಾರದ ಸಸ್ಯರೋಗ ತಜ್ಞರಾಗಿದ್ದ ಲೆಸ್ಲಿ ಕೋಲ್ಮನ್ ಅವರು ಈ ರೋಗವನ್ನು ಅಭ್ಯಾಸ ಮಾಡಿ 1910ರಲ್ಲಿ ವರದಿ ಪ್ರಕಟಿಸಿದರು. ಬೋರ್ಡೋ ದ್ರಾವಣವನ್ನು ಮಳೆಗೆ ಮುಂಚೆಯೇ ಗೊನೆಗೆ ಹಿಡಿಸುವ ಕ್ರಮಕ್ಕೆ ಬಲ ಬಂದುದು ಅಲ್ಲಿಂದ. ನೂರಕ್ಕೂ ಹೆಚ್ಚು ವರ್ಷ ಕಳೆದರೂ ಆ ದ್ರಾವಣ ನಮ್ಮನ್ನು ಬಿಟ್ಟಿಲ್ಲ.

ಅದು ರೋಗವನ್ನು ತಡೆಯುವ ಮದ್ದು, ಕೊಳೆತ ಕಾಯನ್ನು ಉಳಿಸುವ ಮದ್ದಲ್ಲ. ಗೊನೆಯ ಮೇಲೆ ಒಣಗಿ ಪೊರೆಯಾಗಿ ನಿಂತರೆ ಮಾತ್ರ ಅದರಿಂದ ಕೆಲಸ. ನೂರು ಲೀಟರು ನೀರಿಗೆ ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಒಳ್ಳೆಯ ಸುಣ್ಣ ಎಂಬುದು ಎಲ್ಲರಿಗೂ ತಿಳಿದ ಲೆಕ್ಕ. ಐವತ್ತು ಲೀಟರಿನಲ್ಲಿ ಮೈಲುತುತ್ತನ್ನೂ, ಇನ್ನು ಐವತ್ತು ಲೀಟರಿನಲ್ಲಿ ಸುಣ್ಣವನ್ನೂ ಬೇರೆಬೇರೆ ಕರಗಿಸಿ, ಮೈಲುತುತ್ತಿನ ನೀರನ್ನು ಸುಣ್ಣದ ತಿಳಿಗೆ ನಿಧಾನವಾಗಿ ಹೊಯ್ದು ಕಲಸಬೇಕು. ಕಬ್ಬಿಣದ ಪಾತ್ರೆ ಕೂಡದು. ಹೊಳೆಯುವ ಚೂರಿಯ ಅಲಗನ್ನು ಅದ್ದಿ ನೋಡಿದಾಗ ಕೆಂಪು ಹಿಡಿದರೆ ಸುಣ್ಣ ಸಾಲದೆಂದು ಅರ್ಥ. ಕಲಸಿದ್ದನ್ನು ಅಂದೇ ಮುಗಿಸಬೇಕು, ನಾಳೆಗೆ ಇಟ್ಟರೆ ಕೆಡುತ್ತದೆ. ನೋಡಿದಿರಾ? ಕಲಸಿದ ಮೇಲೆ ಹಿಂದೆ ಸರಿಯಲು ದಾರಿಯಿಲ್ಲ. ಅದಕ್ಕಾಗಿಯೇ ಕಲಸುವ ಮುನ್ನ ಹವೆಯನ್ನು ಓದಬೇಕು. ಮೈಲುತುತ್ತನ್ನೂ ಸುಣ್ಣವನ್ನೂ ಬೇರೆಬೇರೆ ಸಿದ್ಧವಿಟ್ಟು, ಒಂದೆರಡು ಗಂಟೆಯ ಕೆಲಸಕ್ಕೆ ಬೇಕಾದಷ್ಟನ್ನೇ ಆಗಾಗ ಕೂಡಿಸಿಕೊಂಡರೆ ಮಳೆ ಬಂದರೂ ನಷ್ಟ ಚಿಕ್ಕದು.

ಮನೆಯಲ್ಲಿ ಮಾಡಬೇಕಾದ ಅಭ್ಯಾಸ

ತಳವೂ ಬಾಯಿಯೂ ಒಂದೇ ಅಗಲವಿರುವ, ನೆಟ್ಟಗಿನ ಪಾತ್ರೆಯೊಂದನ್ನು ಮರ, ಮಾಡು ಯಾವುದೂ ಮರೆಯಾಗದ ಕಡೆ ಅಂಗಳದಲ್ಲಿಡಿ. ಒಂದು ದಿನದ ದೊಡ್ಡ ಮಳೆಗೂ ತುಂಬಿ ಚೆಲ್ಲದಷ್ಟು ಎತ್ತರವಿರಲಿ. ದಿನವೂ ಬೆಳಗ್ಗೆ 8.30ಕ್ಕೆ ಅದರ ನೀರಿನ ಎತ್ತರವನ್ನು ಮಕ್ಕಳ ಅಳತೆಕೋಲಿನಿಂದ ಮಿಲಿಮೀಟರಿನಲ್ಲಿ ಅಳೆದು ಚೆಲ್ಲಿ. ಒಂದು ಪುಸ್ತಕದಲ್ಲಿ ನಾಲ್ಕು ಮನೆ ಗೆರೆ ಎಳೆಯಿರಿ: ತಾರೀಕು, ಪಾತ್ತಿಯ ತೆಂಕಣ ತುದಿ ಎಲ್ಲಿತ್ತು, ‘ಎಷ್ಟು ಕಡೆ’ ಎಂದಿದ್ದರು, ನಮ್ಮ ಅಂಗಳದಲ್ಲಿ ಬಿದ್ದದ್ದು ಎಷ್ಟು. ಮಲಯಾಳ ಓದಲು ಬಾರದ ಹಿರಿಯರು ಶಾಲೆಗೆ ಹೋಗುವ ಮಕ್ಕಳಿಂದ ಓದಿಸಿಕೊಳ್ಳಲಿ. ಮಕ್ಕಳಿಗೂ ಇದು ಪಾಠವೇ.

ಒಂದು ಆಟಿ ಹೀಗೆ ಬರೆದಿಟ್ಟರೆ ನಿಮ್ಮ ಊರಿಗೆ ಯಾವ ಮಾತು ಎಷ್ಟು ಸರಿಹೊಂದುತ್ತದೆಂಬುದು ತಿಳಿದುಬರುತ್ತದೆ. ಅಡೂರಿನ ಗುಡ್ಡದ ಬುಡಕ್ಕೂ ಉಪ್ಪಳದ ಕಡಲಬದಿಗೂ ಒಂದೇ ಲೆಕ್ಕ ನಡೆಯದು. ಅದನ್ನು ತಿರುವನಂತಪುರದವರೂ ಬೆಂಗಳೂರಿನವರೂ ನಿಮಗೆ ಹೇಳಲಾರರು. ನಿಮ್ಮ ಅಂಗಳದ ಪಾತ್ರೆ ಹೇಳುತ್ತದೆ.

ಹಿರಿಯರು ನಕ್ಷತ್ರ ನೋಡಿ ಮಳೆಯ ಕಾಲವನ್ನು ತಿಳಿದರು. ಆ ತಿಳಿವು ಈಗಲೂ ನಮಗೆ ಬೇಕು. ಪುಷ್ಯದ ಯಾವ ದಿನ ಮದ್ದು ಬಿಡಬೇಕೆಂಬುದಕ್ಕೆ ಮಾತ್ರ ಪಾತ್ತಿಯ ತುದಿಯನ್ನೂ ನೋಡೋಣ. ಆಕಾಶ ಸಂಶಯದಲ್ಲಿದ್ದರೆ ಒಂದು ದಿನ ತಾಳೋಣ. ಮದ್ದು ಒಂದು ದಿನ ತಡವಾದರೆ ತೋಟ ಮುಳುಗದು. ಜಾರುವ ಮರದಿಂದ ಬಿದ್ದವರನ್ನು ಮಾತ್ರ ಯಾವ ಮದ್ದೂ ಮರಳಿ ತರಲಾರದು.